ಸದ್ದು ಮಾಡದ ಉಕ್ಕಿನ ತಟ್ಟೆ

ನಮ್ಮ ಮನೆಯವರು ರಾಯಚೂರಿನಲ್ಲಿ ಗೇಟು, ಕಿಟಕಿ ಸರಳು ಮಾಡುವವರು. ಅವರ ಕೈಯ ಗೇಟು ಸದ್ದು ಮಾಡುವುದಿಲ್ಲ. ತೆರೆದರೂ ಇಲ್ಲ, ಗಾಳಿಗೆ ಬಡಿದರೂ ಇಲ್ಲ. ಅದು ಅವರ ಹೆಮ್ಮೆ. ಮೂವತ್ತು ವರ್ಷ ಗ್ರೈಂಡರ್ ಹಿಡಿದು ಅವರ ಎರಡೂ ಕಿವಿ ಹೋಗಿದ್ದವು. ಅದು ಅವರ ಗುಟ್ಟು. ದೇವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ಮೂರನೆಯವರಿಗೆ ಗೊತ್ತಿರಲಿಲ್ಲ. ಗಿರಾಕಿಗಳು ಏನು ಕೇಳಿದರೂ “ಹ್ಞೂಂ ರೀ, ಆಗ್ತದ” ಅನ್ನುವರು. ಆಮೇಲೆ ನಾನು ಒಳಗಿನಿಂದ ಬಂದು ಅವರ ಕಿವಿಗೆ ಬಾಯಿ ಹಚ್ಚಿ ವಿಷಯ ತಿಳಿಸಬೇಕು.

“ಕಿವುಡ ಅಂತ ಗೊತ್ತಾದ್ರ ಯಾರೂ ಅಳತಿ ಹೇಳಾಕ ಬರಂಗಿಲ್ಲ. ನೀ ಬಾಯಿ ಬಿಡಬ್ಯಾಡ” ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ಒಂದು ದಿನ ಮಾನ್ವಿಯಿಂದ ನಿವೃತ್ತ ಸುಬೇದಾರರೊಬ್ಬರು ಬಂದರು. ದೇವದುರ್ಗದ ಕಡೆ ಗುಡ್ಡದ ಬುಡದಲ್ಲಿ ಅವರ ಬೆದ್ದಲು ಹೊಲ. ಲೈಸೆನ್ಸಿನ ರೈಫಲ್ ಇರುವ ನಾಲ್ಕು ಜನ ಗೆಳೆಯರು ಸೇರಿ ಭಾನುವಾರ ಅಲ್ಲಿ ಗುರಿ ಹೊಡೆಯುತ್ತಾರಂತೆ, ಸುಮ್ಮನೆ ಖುಷಿಗೆ. ಕಾಗದದ ಗುರಿ ಇಟ್ಟರೆ ಪ್ರತಿ ಸಲ ನಡೆದು ಹೋಗಿ ನೋಡಬೇಕು. ಉಕ್ಕಿನ ತಟ್ಟೆ ತೂಗುಹಾಕಿದರೆ, ಗುಂಡು ಬಿತ್ತೋ ಇಲ್ಲವೋ ಅದೇ ಹೇಳುತ್ತದೆ. ಅಂಥವು ಆರು ಬೇಕಂತೆ.

“ಖಣ್ ಅಂತ ಸಪ್ಪಳ ಬರಬೇಕ್ರಿ. ಇಲ್ಲಂದ್ರ ಆರೂ ತಟ್ಟಿ ವಾಪಸ್!” ಎಂದು ಕೂಗಿ ಹೇಳಿದರು. ಮಿಲಿಟರಿಯವರು ಹೀಗೇ ಕೂಗುತ್ತಾರೇನೋ ಅಂದುಕೊಂಡೆ.

“ಹ್ಞೂಂ ರೀ, ಆಗ್ತದ” ಎಂದರು ನಮ್ಮವರು. ಸುಬೇದಾರರು ಹೋದ ಮೇಲೆ ನಾನು ಕಿವಿಯಲ್ಲಿ ವಿಷಯ ಹೇಳಿದಾಗ, ಹೊಸಿಲ ಮೇಲೆ ಕೂತುಬಿಟ್ಟರು.

ಗಟ್ಟಿ ಉಕ್ಕು ತರಿಸಿದರು. ಗ್ಯಾಸಿನಲ್ಲಿ ಕೊಯ್ದರೆ ಕಾದು ಮೆತ್ತಗಾಗುತ್ತದೆಂದು, ಗ್ರೈಂಡರಿನಲ್ಲೇ ನಿಂತುನಿಂತು, ತಣಿಸಿಕೊಳ್ಳುತ್ತ, ರೊಟ್ಟಿ ಹಂಚಿನಷ್ಟು ಅಗಲಕ್ಕೆ ದುಂಡಗೆ ಕೊಯ್ದರು. ಮೊದಲನೆಯದನ್ನು ಬೇವಿನ ಕೊಂಬೆಗೆ ಹಗ್ಗದಲ್ಲಿ ಕಟ್ಟಿ ಸುತ್ತಿಗೆಯಿಂದ ಬಡಿದರು. ನಾನು ಒಳಗೆ ಹಿಟ್ಟು ನಾದುತ್ತಿದ್ದೆ. ಖಣ್! ಥೇಟು ಮಂಗಳಾರತಿ ಜಾಗಟೆ. ಕಣ್ಣು ತಾವೇ ಮುಚ್ಚಿದವು. ಹಿಟ್ಟಿನ ಕೈಯಲ್ಲೇ ಗಲ್ಲ ಗಲ್ಲ ಬಡಿದುಕೊಂಡೆ.

ಕಿಟಕಿಯಿಂದ ಅದನ್ನು ನೋಡಿದ ನಮ್ಮವರಿಗೆ ದಾರಿ ಸಿಕ್ಕಿತು. ಅಲ್ಲಿಂದ ನನ್ನನ್ನು ಅಂಗಳಕ್ಕೆ ಕರೆದು ನಿಲ್ಲಿಸಿ, ತಟ್ಟೆ ಬಡಿಯುವುದು, ನನ್ನ ಗಲ್ಲ ನೋಡುವುದು. ಕೈ ಗಲ್ಲಕ್ಕೆ ಹೋದರೆ ತಟ್ಟೆ ಪಾಸು.

ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಇಣುಕಿದಳು. “ಏನ್ ಬೇ ಯವ್ವಾ, ಕಬ್ಬಿಣಕ್ಕೂ ನಡ್ಕೊಳ್ಳಾಕತ್ತೀ?”

“ದೇವ್ರು ಎಲ್ಲಿ ಇಲ್ಲ ಹೇಳು” ಎಂದೆ. ಗುಂಡು ತಿನ್ನುವ ತಟ್ಟೆಗೆ ಭಕ್ತಿ ಬಂದದ್ದು ತಪ್ಪೋ ಏನೋ, ಸಂಜೆ ದೀಪ ಹಚ್ಚುವಾಗ ದೇವರಿಗೇ ಬಿಟ್ಟೆ. ಆರೂ ಪಾಸಾಗಿದ್ದವು, ಆ ದಿನಕ್ಕೆ ಅಷ್ಟು ಕೃಪೆ ಸಾಕು.

ಭಾನುವಾರ ತೂಗುಹಾಕಲು ಹೊರಟಾಗ, ಎಂದೂ ಕೆಲಸದ ಜಾಗಕ್ಕೆ ಕರೆದೊಯ್ಯದವರು “ನೀನೂ ಬಾ” ಎಂದರು. ಬೇಕಾಗಿದ್ದದ್ದು ನನ್ನ ಗಲ್ಲ. ಟೆಂಪೋದಲ್ಲಿ ಮಾನ್ವಿಗೆ ಹೋಗಿ ಸುಬೇದಾರರನ್ನು ಹತ್ತಿಸಿಕೊಂಡೆವು. ಗೆಳೆಯರು ಬರುವ ಮುಂಚೆ ತಾವೊಬ್ಬರೇ ಪರೀಕ್ಷೆ ಮಾಡಬೇಕೆಂಬ ಆಸೆ ಅವರಿಗೆ.

ಗುಡ್ಡದ ಮುಂದೆ ಪೈಪಿನ ಚೌಕಟ್ಟು ನೆಟ್ಟು, ಸರಪಳಿ ಇಳಿಬಿಟ್ಟು, ಬಿಳಿ ಬಣ್ಣದ ತಟ್ಟೆಗಳನ್ನು ನಮ್ಮವರು ತೂಗುಹಾಕಿದರು. ಗುಂಡಿನ ಚೂರು ನೆಲಕ್ಕೆ ಬೀಳಲೆಂದು ಒಂದಿಷ್ಟು ಮುಂದಕ್ಕೆ ಬಾಗಿಸಿದರು. ಆಮೇಲೆ, ಗೇಟಿಗೆ ಹಾಕುವ ಹಾಗೇ, ಪ್ರತಿ ಬೋಲ್ಟಿಗೂ ಎರಡು ಕಡೆ ರಬ್ಬರ್ ಕೊಟ್ಟು, ನಟ್ಟನ್ನು ಉಸಿರು ಕಟ್ಟುವಂತೆ ಬಿಗಿದರು. ನೋಡಿದೆ, ಅವರ ಕೆಲಸ ಅವರಿಗೆ ಗೊತ್ತು ಅಂದುಕೊಂಡೆ.

ದೂರ ಹಿಂದಕ್ಕೆ ಬಂದು, ಕಣ್ಣಿಗೆ ಕನ್ನಡಕ, ಕಿವಿಗೆ ಹತ್ತಿ ಇಟ್ಟುಕೊಂಡೆವು. ನಾನು ಒಂದು ಕಿವಿಯದನ್ನು ಮೆಲ್ಲಗೆ ತೆಗೆದೆ. ಸುಬೇದಾರರು ಬೋರಲು ಮಲಗಿ ಮೊದಲ ತಟ್ಟೆಗೆ ಹೊಡೆದರು. ಅತ್ತಲಿಂದ ‘ಥಪ್’ ಅಂತು, ನಾದುವ ಕೊಣಮಿಗೆಗೆ ಹಿಟ್ಟಿನ ಮುದ್ದೆ ಬಿದ್ದಂತೆ. ನನ್ನ ಕೈ ಏಳಲಿಲ್ಲ. ನಮ್ಮವರು ನನ್ನ ಗಲ್ಲ ನೋಡಿ ಬಿಳಿಚಿಕೊಂಡರು.

“ತಪ್ತು” ಎಂದರು ಸುಬೇದಾರರು. ಎರಡನೆಯದು ಥಪ್. “ತಪ್ತು.” ಹತ್ತು ಗುಂಡು, ಹತ್ತೂ ತಪ್ತು. ಮೊದಲು ಗಾಳಿಯನ್ನು ಬೈದರು, ಆಮೇಲೆ ರೈಫಲನ್ನು, ಆಮೇಲೆ “ತಾಯೀ, ನೀವು ನನ್ನ ಹಿಂದ ನಿಂದ್ರಬ್ಯಾಡ್ರಿ” ಎಂದರು. ನಾನು ಪಕ್ಕಕ್ಕೆ ಸರಿದೆ. ಕೊನೆಗೆ ಎದ್ದು ಕೂತು, “ಕಣ್ಣು ಹೋದ್ವು. ಇನ್ ರೈಫಲ್ ಮಾರಿ ಬಿಡ್ತೀನಿ” ಎಂದರು.

ನನ್ನ ಕಣ್ಣನ್ನು ದೇವರು ಇನ್ನೂ ಚೆನ್ನಾಗಿಟ್ಟಿದ್ದಾನೆ. ಬಿಳಿ ತಟ್ಟೆಯ ನಟ್ಟನಡುವೆ ಬೊಟ್ಟು ಬೊಟ್ಟು ಕಪ್ಪು ಕಾಣುತ್ತಿತ್ತು. ಹೇಳಿದರೆ ತಟ್ಟೆಗೆ ಸದ್ದಿಲ್ಲವೆಂದು ವಾಪಸು, ಮಾಡಿದವನಿಗೆ ಕಿವಿಯಿಲ್ಲವೆಂದು ಊರಿಗೆಲ್ಲ ಗೊತ್ತು. ಹೇಳದಿದ್ದರೆ ಈ ಮುದುಕ ತಾನು ಕುರುಡನೆಂದು ನಂಬಿ ಮನೆಗೆ ಹೋಗುತ್ತಾನೆ.

“ಎಲ್ಲಾ ಬಡದಾವ್ರೀ! ತಟ್ಟಿ ಸಪ್ಪಳ ಮಾಡವಲ್ದು ಅಷ್ಟ!” ಎಂದುಬಿಟ್ಟೆ.

“ಏನಂದ್ರಿ?” ಎಂದರು ಸುಬೇದಾರರು. ಮತ್ತೆ ಹೇಳಿದೆ. “ಏನು?”

ಇತ್ತ ನೋಡಿದರೆ ನಮ್ಮವರೂ “ಏನಂತಾರ?” ಎಂದು ನನ್ನನ್ನೇ ಕೇಳುತ್ತಿದ್ದರು. ಆಗ ತಿಳಿಯಿತು, ಆ ಹೊಲದಲ್ಲಿ ಕಿವಿ ಇದ್ದವಳು ನಾನೊಬ್ಬಳೇ ಎಂದು.

ರೈಫಲ್ ಖಾಲಿ ಮಾಡಿ ಕೆಳಗಿಡಿಸಿ, ಇಬ್ಬರನ್ನೂ ಸನ್ನೆ ಮಾಡಿ ತಟ್ಟೆಯ ಹತ್ತಿರ ಕರೆದೊಯ್ದೆ. ಹತ್ತು ಗುರುತಿನ ಮೇಲೂ ಬೆರಳಿಟ್ಟು ತೋರಿಸಿದೆ. ಸುಬೇದಾರರು ಪ್ರತಿ ಗುರುತನ್ನೂ ತಾವೇ ಮುಟ್ಟಿ ನೋಡಿ, ಸಣ್ಣ ಹುಡುಗನ ಹಾಗೆ ನಕ್ಕರು. ನಾನು ನಮ್ಮವರ ಕಿವಿಗೆ ಬಾಯಿ ಹಚ್ಚಿ, “ನಟ್ ಸಡ್ಲ ಮಾಡ್ರಿ. ರಬ್ಬರ್ ತಗೀರಿ” ಎಂದೆ.

“ಸಡ್ಲ ಬಿಟ್ರ ಗಡಗಡ ಅಂತದಲ್ಲ!”

“ಅನ್ಲಿ ಬಿಡ್ರಿ! ಅದ್ಕಽ ಮಾಡ್ಸ್ಯಾರ!”

ತಮ್ಮ ಹಲ್ಲು ತಾವೇ ಕಿತ್ತುಕೊಳ್ಳುವವರಂತೆ ಒಂದೊಂದೇ ರಬ್ಬರ್ ತೆಗೆದರು. ಮತ್ತೆ ಹಿಂದಕ್ಕೆ ಬಂದೆವು. ಗುಂಡು ಹಾರಿತು. ಖಣ್! ನನ್ನ ಕೈ ಗಲ್ಲಕ್ಕೆ ಹೋದವು. ಅದರ ಅರ್ಥ ಈಗ ಸುಬೇದಾರರಿಗೂ ಹೊಳೆದಿತ್ತು. ಹೊಡೆಯುವರು, ತಟ್ಟೆ ಬಿಟ್ಟು ನನ್ನತ್ತ ತಿರುಗುವರು. ಒಮ್ಮೆ ನೊಣ ಓಡಿಸಲು ಕೈ ಎತ್ತಿದೆ, ಇಬ್ಬರೂ “ಶಹಬ್ಬಾಸ್!” ಎಂದರು. ಗುಂಡು ಇನ್ನೂ ಹಾರಿರಲಿಲ್ಲ.

ಆಮೇಲೆ ಸುಬೇದಾರರು ಜೇಬಿನಿಂದ ಅವರೆಕಾಳಿನಷ್ಟು ಮಿಷನ್ ತೆಗೆದು ತೋರಿಸಿದರು. “ಕಿವ್ಯಾಗ ಹಾಕ್ಕೊಳ್ಳಾದು. ಗುಂಡು ಹೊಡಿಯಾಗ ಚೀರ್ತದ, ಅದ್ಕ ತಗದಿಡ್ತೀನ್ರಿ.”

ನಮ್ಮವರು ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ತಲೆ ತಗ್ಗಿಸಿ, “ನನಗೂ ಕೇಳ್ಸಂಗಿಲ್ರಿ” ಎಂದರು, ಮೆಲ್ಲಗೆ.

“ಏನು?”

“ಕೇಳ್ಸಂಗಿಲ್ರಿ.”

“ಜೋರಾಗಿ ಹೇಳ್ರಿ!” ಎಂದು ಸುಬೇದಾರರು ಕಿವಿಗೆ ಕೈ ಹಚ್ಚಿ ಸನ್ನೆ ಮಾಡಿದರು.

ಮನೆಯವರು ಎದೆ ತುಂಬ ಗಾಳಿ ತುಂಬಿಕೊಂಡು, ಎಷ್ಟೋ ವರ್ಷ ಮುಚ್ಚಿಟ್ಟದ್ದನ್ನು ಆ ಗುಡ್ಡಕ್ಕೆಲ್ಲ ಕೇಳುವಂತೆ ಕೂಗಿದರು: “ನನಗ ಕಿವಿ ಕೇಳ್ಸಂಗಿಲ್ಲಾ!”

ಗುಡ್ಡದ ಆಚೆ ಆಡು ಮೇಯಿಸುತ್ತಿದ್ದ ಹೆಂಗಸಿನ ಧ್ವನಿ ಬಂತು: “ನಮಗ ಕೇಳ್ಸಾಕತ್ತದೋ ಯಪ್ಪಾ!”

ಅದು ಅವರಿಬ್ಬರಿಗೂ ಕೇಳಲಿಲ್ಲ, ಪುಣ್ಯ. ಸುಬೇದಾರರು ನಮ್ಮವರ ಭುಜ ತಟ್ಟಿ, ಒಂದು ಚೀಟಿಯಲ್ಲಿ ರಾಯಚೂರಿನ ಕಿವಿ ಡಾಕ್ಟರ ವಿಳಾಸ ಬರೆದುಕೊಟ್ಟರು. ಇಂಥವನ್ನೆಲ್ಲ ಇಟ್ಟುಕೊಳ್ಳುವವಳು ನಾನೇ ಎಂದು ಕೈ ಚಾಚಿದೆ. ನಮ್ಮವರು ಕೊಡಲಿಲ್ಲ. ತಾವೇ ಎರಡು ಸಲ ಓದಿ, ಮಡಿಸಿ, ಅಂಗಿಯ ಜೇಬಿಗೆ ಇಟ್ಟುಕೊಂಡರು.