ಬಾಗಿಲ ಪಕ್ಕದ ಕಡೆಗೋಲು

ಯಾಂಜ್ಮಾ ನನ್ನ ಗಂಡನ ಅಕ್ಕ. ಅವಳ ಡೇರೆಗೆ ಯಾರೇ ಬರಲಿ, ಬಾಗಿಲ ಪಕ್ಕ ತೂಗುವ ಚರ್ಮದ ಚೀಲದಲ್ಲಿನ ಕಡೆಗೋಲು ಹಿಡಿದು ಒಂದಿಷ್ಟು ಕಡೆದೇ ಕೂರುತ್ತಾರೆ. ಕುದುರೆ ಹಾಲು ಹುಳಿತು ಐರಾಗ್ ಆಗುವುದು ಹೀಗೆ ಬಂದವರೆಲ್ಲರ ಕೈಯಿಂದ. ಅವಳ ಐರಾಗಿಗೆ ನಮ್ಮ ಕಣಿವೆಯಲ್ಲಿ ಸಾಟಿಯಿಲ್ಲ. ಗಂಡ ತೀರಿದ ಮೇಲೂ ಅವಳ ಮನೆ ತುಂಬಿದ್ದದ್ದು ಆ ಚೀಲದಿಂದಲೇ.

ಹೋದ ವಸಂತದಲ್ಲಿ ಪಟ್ಟಣದ ಡಾಕ್ಟರು, ಹಳೆಯ ಕಾಮಾಲೆ ಅವಳ ಲಿವರನ್ನು ತಿಂದುಹಾಕಿದೆ ಎಂದರು. "ಇದು ಮೂಳೇನೂ ಸವೆಸುತ್ತೆ ಕಣಮ್ಮ. ಬೀಳಬೇಡಿ. ಒಂದೇ ಬಟ್ಟಲಲ್ಲಿ ಕುಡಿದ್ರೆ ಬೇರೆಯವ್ರಿಗೆ ಹರಡಲ್ಲ, ಹೆದರ್ಬೇಡಿ."

ಅವಳು ಹೆದರಿದ್ದು ಆ ಬಟ್ಟಲಿನ ಮಾತಿಗೇ. ದಾರಿಯುದ್ದಕ್ಕೂ ನನ್ನ ಕೈ ಬಿಡಲಿಲ್ಲ.

"ಯಾರ ಹತ್ರಾನೂ ಬಾಯಿ ಬಿಡ್ಬೇಡ. ನಿನ್ ಗಂಡಂಗೂ. ಲಿವರ್ ಅಂದ್ರೆ ಮುಗೀತು, ನನ್ ಬಟ್ಟಲು ಯಾರು ಮುಟ್ತಾರೆ?"

ಆಮೇಲೆ, ಐರಾಗಿನ ಅಮಲು ಲಿವರಿಗೆ ಆಗದೆಂದು, ತಾನು ಕುಡಿಯುವುದನ್ನು ಬಿಟ್ಟಳು. ಬಂದವರೆದುರು ಬಟ್ಟಲನ್ನು ತುಟಿಗೆ ತಾಗಿಸಿ ಕೆಳಗಿಡುತ್ತಿದ್ದಳು. ಅವಳು ಬಿಂದಿಗೆ ಎತ್ತಿದಾಗೆಲ್ಲ ನನ್ನ ಜೀವ ಬಾಯಿಗೆ ಬರುತ್ತಿತ್ತು.

ಬೇಸಿಗೆಯಲ್ಲಿ ಅದು ಆಗಿಯೇ ಹೋಯಿತು. ಹಾಲು ಕರೆಯುವಾಗ ಕುದುರೆ ಪಕ್ಕಕ್ಕೆ ಸರಿಯಿತು. ಅವಳು ಆಯತಪ್ಪಿ ಹುಲ್ಲಿನ ಮೇಲೆ ಕುಂಡಿಯೂರಿ ಕೂತಳು. ಅಷ್ಟೇ. ಮಕ್ಕಳು ದಿನಕ್ಕೆ ಹತ್ತು ಸಲ ಹಾಗೆ ಬೀಳುತ್ತಾರೆ. ಅವಳು ಮಾತ್ರ ಏಳಲಿಲ್ಲ.

ನಮ್ಮಲ್ಲಿ ಬಿದ್ದವರಿಗೆ ಮೊದಲು ಬರುವವನು ಮೂಳೆ ಕೂರಿಸುವವನೇ. ನಾನು ಬಾಯಿ ತೆರೆಯುವಷ್ಟರಲ್ಲಿ ನನ್ನ ಗಂಡ ಕುದುರೆ ಹತ್ತಿ ಸೊದ್ನೊಮ್ ಅಜ್ಜನನ್ನು ಕರೆತರಲು ಹೋಗಿಯಾಗಿತ್ತು. ಅರ್ಧ ಕಣಿವೆಯ ಬೆನ್ನು ನೆಟ್ಟಗೆ ಮಾಡಿದ ಕೈ ಅದು. ಒತ್ತಿದರೆ ಗಂಡಸರೂ ಕಿರುಚುತ್ತಾರೆ. ಅಜ್ಜ ಬಂದ, ಕಡೆಗೋಲಾಡಿಸಿದ, ಅರ್ಧ ಬಟ್ಟಲು ಕುಡಿದ, ಅಂಗೈ ಉಜ್ಜಿದ.

"ಬೋರಲು ಮಲಗು ಮಗಳೇ. ಒಂದೇ ಏಟು, ಸಂಜೆಗೆ ಕುಣೀತೀಯ."

"ಅಕ್ಕಾ, ಹೇಳು," ಎಂದೆ. ಅವಳು ಕಣ್ಣು ಮುಚ್ಚಿದಳು. "ನೀನು ಹೇಳ್ತೀಯೋ, ನಾನೇ ಹೇಳ್ಲೋ?"

"ಏನಮ್ಮಾ ಅದು ಗುಟ್ಟು?" ಎಂದ ಅಜ್ಜ. ಅವನ ಹೆಬ್ಬೆರಳು ಆಗಲೇ ಬೆನ್ನಿನ ಮೇಲಿತ್ತು.

"ಒತ್ತಬೇಡಿ ಅಜ್ಜಾ," ಎಂದಳು ಯಾಂಜ್ಮಾ, ಚಾಪೆಗೆ ಮುಖವೊತ್ತಿ. "ನಂಗೆ ಲಿವರ್ ಕಾಯಿಲೆ. ಮೂಳೆ ಟೊಳ್ಳಾಗಿದೆಯಂತೆ."

ಅಜ್ಜ ಕೈ ತೆಗೆದ. ಅವನ ಕಣ್ಣು ತಾನು ಕುಡಿದಿಟ್ಟ ಬಟ್ಟಲಿನತ್ತ ಹೋದದ್ದನ್ನು ನಾನು ನೋಡಿದೆ. ಇನ್ನರ್ಧ ಹಾಗೇ ಉಳಿಯಿತು.

ಅವನೇ ಅವಳನ್ನು ಹಲಗೆಗೆ ಕಟ್ಟಿ ವ್ಯಾನಿಗೆ ಹಾಕಿಸಿದ. ಹಳ್ಳ ಬಂದಾಗೆಲ್ಲ ನಾನು ಅವಳ ಕಾಲ್ಬೆರಳು ಹಿಡಿದು "ಆಡಿಸು, ಆಡಿಸು" ಎಂದು ಅಳುತ್ತಿದ್ದೆ. ಪಟ್ಟಣದಲ್ಲಿ ಮೂಳೆಯ ಫೋಟೋ ತೆಗೆದರು. ಬೆನ್ನಿನ ಒಂದು ಮೂಳೆ ಕುಸಿದಿತ್ತು. ಅದರ ಮೇಲೆ ಒತ್ತಿದ್ದರೆ ಎರಡೂ ಕಾಲು ಹೋಗುವ ಸಂಭವವಿತ್ತಂತೆ.

ಪಟ್ಟಿ ಬಿಗಿದುಕೊಂಡು ಅವಳು ಮನೆಗೆ ಬರುವಷ್ಟರಲ್ಲಿ ಸುದ್ದಿ ಕಣಿವೆಯೆಲ್ಲ ಸುತ್ತಿತ್ತು. ಬಂದವರು ಬಾಗಿಲಾಚೆಯೇ ನಿಂತು "ಹೇಗಿದ್ದೀಯ" ಎಂದು ಹೋದರು. ಚೀಲ ತುಂಬಿತ್ತು, ಕಡೆಯುವವಳು ನಾನೊಬ್ಬಳೇ. ನನಗೆ ಸಿಟ್ಟು ನೆತ್ತಿಗೇರಿತ್ತು, ಇಷ್ಟು ದಿನ ಕುಡಿದ ಹೊಟ್ಟೆಗಳ ಮೇಲೆ.

"ಬೆನ್ನು ಉಳಿಸ್ಕೊಂಡು ಏನು ಮಾಡ್ಲಿ?" ಎಂದಳು ಅವಳು, ಗೋಡೆಯತ್ತ ತಿರುಗಿ.

ಒಂದು ಮಧ್ಯಾಹ್ನ ನಾನು ಅವಳ ತಲೆ ಬಾಚುತ್ತಿದ್ದೆ. ಬಾಗಿಲ ಹತ್ತಿರ ಕಡೆಗೋಲಿನ ಸದ್ದಾಯಿತು. ಅವಳು ನನ್ನ ಮಣಿಕಟ್ಟು ಹಿಡಿದಳು.

"ನೀನು ಇಲ್ಲಿದ್ದೀಯ. ಅಲ್ಲಿ ಯಾರು?"

ಸೊದ್ನೊಮ್ ಅಜ್ಜ ನಿಂತು ಕಡೆಯುತ್ತಿದ್ದ. ಸಾಕಷ್ಟು ಹೊತ್ತು ಕಡೆದ. ಆಮೇಲೆ ಬಂದು ಕೂತು, ನನ್ನತ್ತ ಕೈ ಚಾಚಿದ.

"ಅವತ್ತು ಅರ್ಧ ಬಿಟ್ಟಿದ್ದೆ. ಕೊಡು."