ಎರಡು ಸೀಟಿ ಆಗುವ ತನಕ

ನನ್ನ ಸೊಸೆ ಸಿಟಿ ಬಸ್ಸಿನ ಕಂಡಕ್ಟರ್. ಅದೇ ಬಸ್ಸಿಗೆ ನನ್ನ ಮಗ ಡ್ರೈವರ್. ಅವಳು ಒಂದು ಸೀಟಿ ಊದಿದರೆ ಅವನು ನಿಲ್ಲಿಸಬೇಕು, ಎರಡು ಊದಿದರೆ ಹೊರಡಬೇಕು. ಮನೆಯಲ್ಲೂ ಹೆಚ್ಚುಕಡಿಮೆ ಅದೇ ಅನ್ನಿ. ಡಿಪೋದವರೆಲ್ಲ ಅವಳನ್ನು ಸೀಟಿ ಅಕ್ಕ ಎಂದೇ ಕರೆಯುವುದು.

ಅವಳ ತಂಗಿಯ ಮಗಳಿಗೆ ಹುಟ್ಟಿನಿಂದ ಒಂದು ಕಾಲು ಸೊಟ್ಟ. ಅದನ್ನು ನೇರ ಮಾಡಲು ಆಪರೇಷನ್ ಮಾಡಿ, ಕಾಲಿಗೆ ಪಟ್ಟಿ ಹಾಕಿ ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿ ಮಲಗಿಸಿದ್ದರು. ಪಟ್ಟಿ ಬಿಚ್ಚಿದ ಮೇಲೆ ನಡೆಯಬೇಕು ಎಂದರೆ ಹುಡುಗಿ ಸುತರಾಂ ಒಪ್ಪಲಿಲ್ಲ. ಹೆದರಿಕೆ. ವಾರ್ಡಿನ ಗೋಡೆಯ ಮೇಲೆ, ಅದೇ ವಾರ್ಡಿನ ಮಕ್ಕಳ ಸಹಾಯಕ್ಕಾಗಿ ನಡೆಯುವ ಅರ್ಧ ಮ್ಯಾರಥಾನಿನ ಪೋಸ್ಟರ್ ಇತ್ತು. ಹುಡುಗಿ ಅದನ್ನು ತೋರಿಸಿದಳು.

"ದೊಡ್ಡಮ್ಮ, ನೀನು ಯಾವಾಗ್ಲೂ ಬಸ್ಸಲ್ಲೇ ಓಡಾಡ್ತೀಯ. ನಿಂಗೇನ್ ಗೊತ್ತು ಕಾಲ್ನೋವು? ಮೊದ್ಲು ನೀನು ಇದನ್ನ ಓಡು. ಆಮೇಲೆ ನಾನು ನಡೀತೀನಿ."

"ಪೂರ್ತಿನಾ?"

"ಪೂರ್ತಿ. ಮಧ್ಯದಲ್ಲಿ ಬಸ್ ಹತ್ತಿದ್ರೆ ನಾನು ಮಂಚದಿಂದ ಇಳಿಯಲ್ಲ, ನೋಡು!"

ಮಗ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಏನ್ ಕಂಡಕ್ಟ್ರೇ, ಅರ್ಧ ಮ್ಯಾರಥಾನ್ ಅಂದ್ರೂ ಇಪ್ಪತ್ತೊಂದು ಕಿಲೋಮೀಟರು. ನಮ್ ರೂಟೇ ಅಷ್ಟಿಲ್ಲ!"

"ನೀವು ಕೂತ್ಕೊಂಡೇ ಸಂಬಳ ತಗೊಳ್ಳೋರು. ನಾನು ನಿಂತು ನಿಂತು ಕಾಲು ಗಟ್ಟಿ ಮಾಡ್ಕೊಂಡಿದೀನಿ."

ಗಟ್ಟಿ ಕಾಲು ಮೊದಲ ದಿನ ಎರಡನೇ ಸ್ಟಾಪಿಗೇ ಕೈಕೊಟ್ಟಿತು. ವಾಪಸು ಬಂದು ಮೆಟ್ಟಿಲ ಮೇಲೆ ಕುಸಿದಳು. ಆದರೂ ಬಿಡಲಿಲ್ಲ. ದಿನವೂ ಬೆಳಗಿನ ಪಾಳಿಗೆ ಮುಂಚೆ ತಮ್ಮ ಬಸ್ಸಿನ ದಾರಿಯಲ್ಲೇ ಓಟ. ಸ್ಟಾಪು ಬಂತೆಂದರೆ ಸಾಕು, ಕಾಲು ತಾನಾಗಿಯೇ ನಿಧಾನ ಆಗುವುದು. ಯಾರಾದರೂ ಹತ್ತಲು ಬಾಕಿ ಉಳಿದರೇನೋ ಎಂದು ಹಿಂತಿರುಗಿ ನೋಡುವಳು. ಸೀಟಿ ಬಾಯಲ್ಲೇ ಕಚ್ಚಿಕೊಂಡಿದ್ದರಿಂದ ಉಸಿರು ಬಿಟ್ಟಾಗಲೆಲ್ಲ ಕೀಂ ಕೀಂ ಸದ್ದು. ಒಂದು ದಿನ ಬೀದಿನಾಯಿಗಳ ಹಿಂಡೇ ಬೆನ್ನು ಹತ್ತಿತು.

"ಅಕ್ಕಾ, ಅವಕ್ಕೂ ಟಿಕೆಟ್ ಹರಿದ್ರಾ?" ಎಂದು ಬ್ಯಾಂಕಿನ ವಾಚ್‌ಮನ್ ಕೂಗಿದನಂತೆ. ಅವಳು ಒಂದು ಸ್ಟಾಪಿನಲ್ಲೂ ನಿಲ್ಲದೆ ಓಡಿದ್ದು ಅವತ್ತೇ ಮೊದಲು.

ಓಟದ ದಿನ ಎಲ್ಲರ ಹಿಂದೆ ಒಂದು ಬಸ್ಸು ನಿಧಾನವಾಗಿ ಬರುತ್ತದೆ. ಸುಸ್ತಾದವರನ್ನು ಅದು ಹತ್ತಿಸಿಕೊಳ್ಳುತ್ತದೆ. ಬಸ್ಸು ಯಾರನ್ನು ದಾಟಿತೋ ಅವರ ಓಟ ಅಲ್ಲಿಗೆ ಮುಗಿಯಿತು. ಡಿಪೋದವರು ಆ ಕೆಲಸಕ್ಕೆ ಹಾಕಿದ್ದು ನನ್ನ ಮಗನನ್ನೇ! "ಮನೇಲಿ ಕೂತು ಒದ್ದಾಡೋ ಬದ್ಲು ಬಾಮ್ಮಾ" ಎಂದು ನನ್ನನ್ನೂ ಮುಂದಿನ ಸೀಟಿನಲ್ಲಿ ಕೂರಿಸಿದ. ಪಕ್ಕದಲ್ಲಿ ಓಟದ ಮೇಲ್ವಿಚಾರಕರು, ಕೈಯಲ್ಲಿ ಗಡಿಯಾರ.

ಮುಕ್ಕಾಲು ದಾರಿ ಕಳೆದಾಗ ಬಸ್ಸು ಅವಳ ಬೆನ್ನಿಗೇ ಬಂತು. ಅಂಗಿ ತೊಪ್ಪೆ, ಮುಖ ಕೆಂಪು. ಮಗ ತಲೆ ಹೊರಗೆ ಹಾಕಿ, "ಸೀಟ್ ಖಾಲಿ ಇದೆ ಕಂಡಕ್ಟ್ರೇ" ಎಂದ.

"ರಸ್ತೆ ನೋಡ್ಕೊಂಡು ಓಡ್ಸಿ!"

ಹಾಗೆ ರೇಗಿಸಿದನೇ ಹೊರತು, ಅವನ ಕಾಲು ಬ್ರೇಕಿನ ಮೇಲೆ ತಡವರಿಸುತ್ತಿದ್ದುದು ನನಗೆ ಕಾಣುತ್ತಿತ್ತು. "ನಿಧಾನ ಮಾಡ್ಬೇಡಿ" ಎಂದರು ಮೇಲ್ವಿಚಾರಕರು. ಮುಂದಿನ ಚಕ್ರ ಅವಳ ಹಿಮ್ಮಡಿಗೆ ಹತ್ತಿರ ಹತ್ತಿರ ಬಂತು.

ಅಷ್ಟರಲ್ಲಿ ಅವಳ ಮುಂದೆ ಓಡುತ್ತಿದ್ದ ವಯಸ್ಸಾದವರೊಬ್ಬರು ಮೀನಖಂಡ ಹಿಡಿದುಕೊಂಡು ನಡುರಸ್ತೆಯಲ್ಲೇ ಕೂತುಬಿಟ್ಟರು. ಸೊಸೆ ಒಂದು ಸೀಟಿ ಊದಿದಳು. ಬಸ್ಸು ಗಕ್ಕನೆ ನಿಂತಿತು. ಅವಳು ಅವರ ರಟ್ಟೆ ಹಿಡಿದು ತಂದು ಬಸ್ಸು ಹತ್ತಿಸಿದಳು. ಕೊನೆಯ ಪ್ರಯಾಣಿಕ ಹತ್ತಿದ ಮೇಲೆ ಕಂಡಕ್ಟರ್ ಹತ್ತುವುದು ರೂಢಿಯಲ್ಲವೇ? ಅವಳ ಕಾಲೂ ಮೇಲೆದ್ದೇಬಿಟ್ಟಿತು!

"ಏಯ್, ಹತ್ತಬೇಡ ಕಣೇ!" ಎಂದು ಕಿರುಚಿದೆ. ಬಿಸಿ ಕಾವಲಿ ಮುಟ್ಟಿದಂತೆ ಕಾಲು ಹಿಂದಕ್ಕೆಳೆದುಕೊಂಡು ಓಡಿದಳು.

"ಹತ್ತಿದ್ದಾಯ್ತಲ್ಲ, ಹೊರಡಿ ಡ್ರೈವರೇ" ಎಂದರು ಮೇಲ್ವಿಚಾರಕರು.

"ಎರಡು ಸೀಟಿ ಆಗ್ಲಿಲ್ಲ ಸಾರ್."

"ಯಾರ್ರೀ ಸೀಟಿ ಊದೋರು?"

"ನಮ್ ಕಂಡಕ್ಟ್ರು. ಅಗೋ, ಹೋಗ್ತಾ ಇದಾರಲ್ಲ."

ಕಾಲು ನೀವಿಕೊಳ್ಳುತ್ತಿದ್ದ ಹಿರಿಯರು ನಕ್ಕು, "ನಾನಿನ್ನೂ ಸರಿಯಾಗಿ ಕೂತಿಲ್ಲಪ್ಪ, ಇರಿ" ಎಂದರು. ಮೇಲ್ವಿಚಾರಕರಿಗೂ ನಗು ಬಂತು. ತಿರುವಿನ ಆಚೆಯಿಂದ ಎರಡು ಸೀಟಿ ಕೇಳಿದ ಮೇಲೆಯೇ ಮಗ ಗೇರು ಹಾಕಿದ್ದು. ಕೊನೆಯ ಗೆರೆ ದಾಟಿದವರಲ್ಲಿ ಎಲ್ಲರಿಗಿಂತ ಹಿಂದಿನವಳು ನನ್ನ ಸೊಸೆ. ಅವಳ ಹಿಂದೆ ಬಸ್ಸು, ಬಸ್ಸಿನ ತುಂಬ ಖುಷಿಯಿಂದ ಅದರ ತಗಡು ಬಡಿಯುವ ಜನ.

ಸಂಜೆ ಕುಂಟುತ್ತಲೇ ಆಸ್ಪತ್ರೆಗೆ ಬಂದಳು. ಓಟ ಮುಗಿಸಿದ್ದಕ್ಕೆ ಕೊಟ್ಟಿದ್ದ ಪದಕವನ್ನು ಹುಡುಗಿ ತಿರುಗಿಸಿ ಮುರುಗಿಸಿ ನೋಡಿ, "ಬಸ್ ಹತ್ತಲಿಲ್ವಾ?" ಎಂದಳು.

"ಒಂದು ಕಾಲು ಎತ್ತಿದ್ದೆ, ಇಡಲಿಲ್ಲ. ಅಜ್ಜೀನ ಕೇಳು."

ನಾನು ಹೌದೆಂದು ಸಾಕ್ಷಿ ಹೇಳಿದೆ. ಹುಡುಗಿ ಪದಕವನ್ನು ತನ್ನ ಕೊರಳಿಗೆ ಹಾಕಿಕೊಂಡಳು. ಆಮೇಲೆ, "ಸೀಟಿ ಕೊಡು" ಎಂದಳು.

ಮಂಚದ ಸರಳು ಹಿಡಿದು ಕೆಳಗಿಳಿದು, ವಾರ್ಡೆಲ್ಲ ಬೆಚ್ಚುವಂತೆ ಎರಡು ಸೀಟಿ ಊದಿ, ಹೆಜ್ಜೆ ಇಟ್ಟಳು. ಇನ್ನೊಂದು. ಮತ್ತೊಂದು. "ಯಾರದು ಸದ್ದು?" ಎನ್ನುತ್ತ ನರ್ಸಮ್ಮ ಓಡಿ ಬಂದರು. ಹುಡುಗಿ ಒಂದು ಸೀಟಿ ಊದಿ ನಿಂತಳು. ನರ್ಸಮ್ಮನೂ ನಿಂತಲ್ಲೇ ನಿಂತುಬಿಟ್ಟರು.