ಇಳಿಸದ ಶ್ರುತಿ

ಕಳೆದ ವಾರ ನಿಟ್ಟುವಳ್ಳಿಯ ಪುಟ್ಟ ಅಂಗಡಿಯೊಂದರಲ್ಲಿ ಹಳೆಯ ರೇಡಿಯೋ ರಿಪೇರಿಗೆ ಕೊಟ್ಟು ಕಾಯುತ್ತ ಕೂತಿದ್ದೆ. ಅಂಗಡಿಯವನು ಬೆಸುಗೆ ಹಾಕಿದಾಗ ತೆಳ್ಳಗೆ ಹೊಗೆ ಎದ್ದಿತು. ಕಾದ ರಾಳದ ವಾಸನೆ... ಅರವತ್ತು ವರ್ಷಗಳ ಹಿಂದೆ ದಾವಣಗೆರೆಯ ನಮ್ಮ ಮನೆಯ ಹಿಂದಿನ ಓಣಿಯಿಂದ ಇದೇ ವಾಸನೆ ಬರುತ್ತಿತ್ತು. ಅಲ್ಲಿ ಪಿಟೀಲು ಮೇಷ್ಟ್ರ ಮನೆ ಇತ್ತು. ಕಮಾನಿಗೆ ಉಜ್ಜುವ ರಾಳದ ಬಿಲ್ಲೆ ಒಡೆದರೆ ಅವರು ಚೂರುಗಳನ್ನು ಎಸೆಯುತ್ತಿರಲಿಲ್ಲ. ಹಿತ್ತಾಳೆ ಬಟ್ಟಲಲ್ಲಿ ಹಾಕಿ, ಕೆಂಡದ ಮೇಲಿಟ್ಟು ಕರಗಿಸಿ, ಮತ್ತೆ ಬಿಲ್ಲೆ ಮಾಡುತ್ತಿದ್ದರು.

ಹೀಗೆ ಬರೆದ ಕೂಡಲೇ ಅನುಮಾನ. ಅದನ್ನು ನಾನು ಎಷ್ಟು ಸಲ ನೋಡಿದ್ದೆ? ಪ್ರಾಯಶಃ ಒಂದೇ ಸಲ. ಒಂದು ಸಲ ಕಂಡದ್ದನ್ನು ನೆನಪು ದಿನನಿತ್ಯದ್ದಾಗಿ ಮಾಡಿಬಿಡುತ್ತದೆ. ನಾನು ಆಗಲೂ ಡೈರಿ ಬರೆಯುತ್ತಿದ್ದೆ. ಅದರಲ್ಲಿ ಇರುವುದು ಯಾವುದು, ಇಲ್ಲದ್ದು ಯಾವುದು ಎಂದು ಬೇರೆ ಮಾಡಿಯೇ ಹೇಳುತ್ತೇನೆ.

ಮೇಷ್ಟ್ರು ಯಾವ ಶಾಲೆಗೂ ಮೇಷ್ಟ್ರಲ್ಲ, ಯಾರ ನೌಕರರೂ ಅಲ್ಲ. ಕರೆದಲ್ಲಿಗೆ ಹೋಗಿ ನುಡಿಸುವುದೇ ಅವರ ಬದುಕು. ಊರಲ್ಲಿ ನಾಟಕ ಕಂಪನಿ ಬೀಡುಬಿಟ್ಟರೆ ರಂಗದ ಮುಂದಿನ ತಗ್ಗಿನಲ್ಲಿ ಹಾರ್ಮೋನಿಯಂ ಪಕ್ಕ ಕೂರುತ್ತಿದ್ದರು. ಮದುವೆ ಮನೆಗಳಲ್ಲಿ ಊಟದ ಗದ್ದಲದ ನಡುವೆ ನುಡಿಸುತ್ತಿದ್ದರು. ನಂದಿಗುಡಿಯ ಮಠದಲ್ಲಿ ಬೆಳಗಿನ ಹೊತ್ತು ಹಾಡುವವರ ಹಿಂದೆ ಸಣ್ಣಗೆ ಸ್ವರ ಹಿಡಿಯುತ್ತಿದ್ದರು. ಆನಗೋಡಿನಲ್ಲಿ ಹಾಸಿಗೆ ಹಿಡಿದ ಒಬ್ಬ ಅಜ್ಜಿ ಇದ್ದರು. ಸೋಮವಾರ ಸೋಮವಾರ ಅವರ ಕೋಣೆಯಲ್ಲಿ ಕೂತು ನುಡಿಸಿ ಬರುತ್ತಿದ್ದರು. ಕೇಳುವವರು ಅವರೊಬ್ಬರೇ. ಒಮ್ಮೆ ಮದರಾಸಿಗೆ ಹೋಗಿ ಸಿನಿಮಾದ ದೊಡ್ಡ ವಾದ್ಯವೃಂದದಲ್ಲಿ ಮೂರು ತಿಂಗಳು ಇದ್ದು ಬಂದಿದ್ದರು.

"ಮೂವತ್ತು ಪಿಟೀಲು, ತಂಗಿ. ಮೂವತ್ತು ಕಮಾನೂ ಒಟ್ಟಿಗೇ ಮ್ಯಾಲೆ, ಒಟ್ಟಿಗೇ ಕೆಳಗೆ. ನಾನು ನುಡಿಸ್ತಿದ್ದೀನೋ ಇಲ್ಲೋ ನನಗೇ ಕೇಳಿಸ್ತಿರಲಿಲ್ಲ. ಆನಗೋಡಿನ ಅಜ್ಜಿ ಆದ್ರೆ ಬೆರಳು ಒಂದೀಟು ಜಾರಿದ್ರೂ ಕಣ್ಣು ತೆರೀತಾರೆ!"

ಅವರ ಎರಡು ಪದ್ಧತಿಗಳನ್ನು ಇಲ್ಲಿ ಹೇಳಲೇಬೇಕು. ಇವೆರಡೂ ಡೈರಿಯಲ್ಲಿವೆ. ಮೊದಲನೆಯದು, ನುಡಿಸಿದ ಮೇಲೆ ತಂತಿಗಳನ್ನು ಸಡಿಲಿಸದೆ ಅವರು ಪೆಟ್ಟಿಗೆ ಮುಚ್ಚುತ್ತಿರಲಿಲ್ಲ. ನಾಟಕದವರದ್ದು ಮೈಕಿಲ್ಲದ ಕಾಲದಿಂದ ಬಂದ ಏರು ಶ್ರುತಿ. ತಂತಿಯನ್ನು ಹಾಗೆಯೇ ಬಿಗಿದಿಟ್ಟರೆ ಮರಕ್ಕೂ ಬೇಜಾರಾಗುತ್ತದೆ ಎನ್ನುವರು. ಎರಡನೆಯದನ್ನು ಅವರ ಮಾತಲ್ಲೇ ಬರೆದುಕೊಂಡಿದ್ದೇನೆ: "ನಾಟಕದಾಗೆ ರಾಜ ಶ್ರುತಿ ತಪ್ಪಿದ್ರೆ ಪಿಟೀಲೂ ಅವನ ಬೆನ್ನಿಗೇ ತಪ್ಪಬೇಕು. ಆಗ ಜನಕ್ಕೆ ಇಬ್ಬರೂ ಸರಿ ಅನ್ನಿಸ್ತೈತೆ."

ನಾನು ಬಿ.ಎ. ಮುಗಿಸಿದ್ದೆ. ಮೈಸೂರಿನಲ್ಲಿ ಎಂ.ಎ.ಗೆ ಸೀಟು ಸಿಕ್ಕ ಕಾಗದ ಬಂದ ತಿಂಗಳೇ ಹರಿಹರದಿಂದ ಒಂದು ಸಂಬಂಧವೂ ಬಂತು. ಮಂಡಿಪೇಟೆಯಲ್ಲಿ ಅಂಗಡಿ ಇಟ್ಟಿದ್ದ ಅಪ್ಪ ವ್ಯವಹಾರಸ್ಥರು. ಇದು ಕೂಡಿಬಂದರೆ ಮದುವೆ, ಮುರಿದರೆ ಮೈಸೂರು ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಹರಿಹರದ ಆ ಮನೆಯಲ್ಲಿ ಬೆಳಗಿನ ಲಿಂಗಪೂಜೆಯ ಹೊತ್ತಿಗೆ ಹಿರಿಸೊಸೆ ವಚನ ಹಾಡಬೇಕೆಂಬ ರೂಢಿ. ಆದ್ದರಿಂದ ಹುಡುಗಿಯ ಹಾಡು ಕೇಳಬೇಕೆಂದರು. ನನ್ನದೋ ತಗ್ಗು ಗಂಟಲು, ಅದೂ ನಡುಗುತ್ತಿತ್ತು. ಅವ್ವ ಹೆದರಿ ಮೇಷ್ಟ್ರಿಗೆ ಹೇಳಿಕಳಿಸಿದಳು.

ಒಂದು ವಾರ ಅಭ್ಯಾಸ ನಡೆಯಿತು. ಮೇಷ್ಟ್ರು ನನ್ನ ಗಂಟಲಿಗೆ ತಕ್ಕ ಶ್ರುತಿ ಇಟ್ಟರು. ವಚನದ ಮೊದಲ ಸಾಲು ಕೆಳಗೇ ಇತ್ತು, ಎರಡನೆಯದು ಮೇಲೇರುತ್ತಿತ್ತು. ಅಲ್ಲಿ ನಾನು ಜಾರಿದಾಗಲೆಲ್ಲ ಪಿಟೀಲು ನನ್ನ ಜೊತೆಗೇ ಜಾರಿ ತಪ್ಪನ್ನು ಮುಚ್ಚುತ್ತಿತ್ತು. ಅವ್ವ ಅಡುಗೆಮನೆಯಿಂದಲೇ "ಈಗ ಚೆಂದಾತು" ಎನ್ನುತ್ತಿದ್ದಳು.

ಇನ್ನು ಡೈರಿಯಲ್ಲಿ ಇಲ್ಲದ್ದು. ಅದೇ ವಾರ, ಅವ್ವ ಹತ್ತಿರ ಇಲ್ಲದಾಗ, ನಾನು ಹೀಗೆಂದೆ ಎಂದು ನೆನಪು:

"ಮೇಷ್ಟ್ರೇ, ಹಾಡು ಚೆಂದಾದ್ರೆ ನಾನು ಮೈಸೂರಿಗೆ ಹೋಗಂಗಿಲ್ಲ."

ಅವರು ಕಮಾನನ್ನು ತೊಡೆಯ ಮೇಲಿಟ್ಟರು. "ಎರಡನೇ ಸಾಲು ಇನ್ನೊಂದು ಸಲ ಹೇಳವ್ವಾ" ಎಂದರು. ಅಷ್ಟೇ.

ಹೆಣ್ಣು ನೋಡಲು ಬಂದ ದಿನ ಮೇಷ್ಟ್ರು ತಡವಾಗಿ ಬಂದರು. ಹರಿಹರದಲ್ಲಿ ರಾತ್ರಿಯಿಡೀ ಕಂಪನಿ ನಾಟಕಕ್ಕೆ ನುಡಿಸಿ ಬೆಳಗಿನ ಬಸ್ಸಿಗೆ ಬಂದಿದ್ದರು. ಪಡಸಾಲೆಯಲ್ಲಿ ಆಗಲೇ ಹುಡುಗ, ಅವನ ತಾಯಿ, ಸೋದರಮಾವ ಕೂತಿದ್ದರು. ಮಾವನಿಗೆ ಮೇಷ್ಟ್ರು ಹಳೆಯ ಪರಿಚಯ. ಪ್ರತಿ ಶ್ರಾವಣ ಮೇಷ್ಟ್ರ ಪಿಟೀಲು ಹರಿಹರದ ಆ ಮನೆಯಲ್ಲಿ ಇರಲೇಬೇಕು.

"ಏನ್ ಮೇಷ್ಟ್ರೇ, ರಾಜನ್ನ ಬಿಟ್ಟು ಇಲ್ಲಿಗೆ ಬಂದ್ರಾ? ಅಲ್ಲಿ ರಾಜ್ಯ ಹೆಂಗೆ ನಡೀಬೇಕ್ರೀ?"

"ರಾಜ ಮಲಗ್ಯಾನ್ರೀ, ಏಳೋದ್ರಾಗೆ ಹೋಗ್ತೀನಿ" ಎಂದರು ಮೇಷ್ಟ್ರು. ಎಲ್ಲರೂ ನಕ್ಕರು. ಆ ನಗೆಯ ನಡುವೆಯೇ ಅವರು ತಂತಿ ಸರಿಮಾಡಿ ಷಡ್ಜ ಕೊಟ್ಟರು.

ಅದು ನಮ್ಮ ಶ್ರುತಿಯಲ್ಲ ಎಂದು ನನಗೆ ತಕ್ಷಣ ಗೊತ್ತಾಯಿತು. ಬಹಳ ಮೇಲಿತ್ತು. ಅವರ ಮುಖ ನೋಡಿದೆ, ಕಣ್ಣು ಮುಚ್ಚಿದ್ದರು. ಮೊದಲ ಸಾಲು ಹೇಗೋ ದಾಟಿತು. ಎರಡನೆಯದರಲ್ಲಿ ಗಂಟಲು ಒಡೆಯಿತು. ಪಿಟೀಲು ನನ್ನ ಜೊತೆ ಇಳಿಯುತ್ತದೆ ಎಂದು ಕಾದೆ. ಅದು ಇಳಿಯಲಿಲ್ಲ. ಸರಿಯಾದ ಸ್ವರವನ್ನೇ ಹಿಡಿದು ಮೇಲೆ ನಿಂತಿತು. ಕೆಳಗೆ ನಾನೊಬ್ಬಳೇ... ಮೂರನೆಯ ಸಾಲು ಬಾಯಿಗೆ ಬರಲೇ ಇಲ್ಲ.

ಹುಡುಗನ ತಾಯಿ ಒಳ್ಳೆಯವರು. ಎಲೆ ಅಡಿಕೆ ತೆಗೆದುಕೊಳ್ಳುತ್ತ ಅವ್ವನಿಗೆ ಮೆಲ್ಲಗೆ ಹೇಳಿದರು: "ಹುಡುಗಿ ಲಕ್ಷಣ ಐತೆ, ಓದ್ಯಾಳೆ. ಆದ್ರೆ ನಮ್ಮನೇಲಿ ದಿನಾ ಹಾಡ್ಬೇಕಲ್ರೀ ಅಕ್ಕಾರೇ. ಶಿವನಿಗೂ ಕಿವಿ ಐತಲ್ಲ."

ಅವರು ಹೋದ ಮೇಲೆ ಅಪ್ಪ ಮೇಷ್ಟ್ರ ಕಡೆ ತಿರುಗಿದರು. "ಊರಿಗೆಲ್ಲಾ ನುಡಿಸ್ತೀರಿ. ನಮ್ಮ ಹುಡುಗಿಗೆ ಒಂದು ಶ್ರುತಿ ಕೂಡ್ಸಾಕೆ ಆಗಲಿಲ್ಲೇನ್ರೀ?"

"ನಾಟಕದ ಶ್ರುತಿ ಸಾವ್ಕಾರ್ರೇ. ಇಳ್ಸೋದು ಮರ್ತೆ. ತಪ್ಪಾತು."

ನಾನು ಬಾಗಿಲಲ್ಲೇ ನಿಂತಿದ್ದೆ. ಆ ದಿನದ ಡೈರಿಯಲ್ಲಿ ಮೂರೇ ಸಾಲು. ಹಾಡು ಕೆಟ್ಟಿತು. ಅಪ್ಪ ಮೇಷ್ಟ್ರಿಗೆ ಬೈದರು. ನಾನು ಮಾತಾಡಲಿಲ್ಲ.

ಅಪ್ಪ ಮಾತಿಗೆ ತಪ್ಪಲಿಲ್ಲ, ನನ್ನನ್ನು ಮೈಸೂರಿಗೆ ಕಳಿಸಿದರು. ಆದರೆ ಮಂಡಿಪೇಟೆಯಲ್ಲಿ ಸಿಕ್ಕವರಿಗೆಲ್ಲ ಮೇಷ್ಟ್ರ ಮರೆವಿನ ಕಥೆ ಹೇಳಿದರು. ಆ ವರ್ಷ ನಮ್ಮ ಪೈಕಿಯ ಮದುವೆಗಳಿಗೆ ಬೇರೆ ಪಿಟೀಲಿನವರು ಬಂದರೆಂದು ಅವ್ವ ಹಾಸ್ಟೆಲಿಗೆ ಬರೆದಳು. ಹರಿಹರದ ಮನೆಯವರೂ ಆ ಶ್ರಾವಣದಿಂದ ಅವರನ್ನು ಕರೆಯಲಿಲ್ಲವಂತೆ.

ದಿನವೂ ತಂತಿ ಸಡಿಲಿಸಿ ಪೆಟ್ಟಿಗೆ ಮುಚ್ಚುವವರಿಗೆ ಇಳಿಸುವುದು ಮರೆತುಹೋಗುವುದು ಹೇಗೆ? ಅಂದು ಆ ಶ್ರುತಿ ಬರಬೇಕಾದರೆ ಅವರು ನಮ್ಮ ಪಡಸಾಲೆಯಲ್ಲಿ ಕೂತೇ ಅಷ್ಟು ಮೇಲಕ್ಕೆ ಏರಿಸಿರಬೇಕು. ಆದರೆ ದಣಿದ ಮನುಷ್ಯನ ಕೈ, ನಿನ್ನೆ ನಿಲ್ಲಿಸಿದ ಕಡೆಗೇ ತಾನಾಗಿ ಹೋಗಲೂಬಹುದು. ಸರಿ, ಶ್ರುತಿಯನ್ನು ಮರೆತರು ಎಂದೇ ಇಟ್ಟುಕೊಳ್ಳೋಣ. ನನ್ನ ಜೊತೆ ಜಾರುವುದನ್ನೂ ಮರೆತರೇ?

ಮೊದಲ ರಜೆಗೆ ಬಂದಾಗ ಓಣಿಯಲ್ಲಿ ಸಿಕ್ಕರು. ಆನಗೋಡಿಗೆ ಹೊರಟಿದ್ದರು. ಕೇಳಿಯೇಬಿಟ್ಟೆ: "ಮೇಷ್ಟ್ರೇ, ಅವತ್ತು ನಿಜವಾಗ್ಲೂ ಮರೆತಿದ್ರಾ?"

"ಮರ್ತೆ ಅಂತ ಊರಿಗೆಲ್ಲಾ ಹೇಳೀನಲ್ಲವ್ವಾ" ಎಂದು ನಕ್ಕರು. "ಈಗ ಬ್ಯಾರೆ ಹೇಳಿದ್ರೆ ಸುಳ್ಳುಗಾರ ಅನ್ನಂಗಿಲ್ಲೇನು ಊರು? ಅದು ಬಿಡು. ಅಲ್ಲಿ ಊಟ ಹೆಂಗೈತೆ, ಅದು ಹೇಳು."

ಊಟದ ಬಗ್ಗೆ ಹೇಳಿದೆ. ಬಸ್ಸು ಬಂತು, ಹತ್ತಿದರು. ನನಗೆ ಕೆಲಸ ಸಿಕ್ಕ ಎರಡನೆಯ ವರ್ಷ ಅವರು ತೀರಿಕೊಂಡ ಸುದ್ದಿ ಕಾಗದದಲ್ಲಿ ಬಂತು. ಕಾಲೇಜಿಗೆ ರಜೆ ಹಾಕಿ ಹೋಗಬಹುದಿತ್ತು. ಹೋಗಲಿಲ್ಲ.

ಮೂವತ್ತು ವರ್ಷ ಪಾಠ ಮಾಡಿದೆ. ತರಗತಿಯ ಬಾಗಿಲು ತೆರೆದು ಒಳಗೆ ಕಾಲಿಟ್ಟಾಗ ಎಷ್ಟೋ ಬೆಳಿಗ್ಗೆ ಮೇಷ್ಟ್ರನ್ನು ಮನಸ್ಸಿನಲ್ಲೇ ನೆನೆದಿದ್ದೇನೆ. ಬದುಕಿದ ಬದುಕು ಇಷ್ಟವಾಗಿತ್ತು, ಅದಕ್ಕೆ. ಅಪ್ಪನೂ ಕಡೆಕಡೆಗೆ ಮಗಳು ಲೆಕ್ಚರರ್ ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದರು. ಅದೇ ಉಸಿರಿನಲ್ಲಿ ಮೇಷ್ಟ್ರ ಮರೆವನ್ನೂ ಹೇಳಿ ನಗುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ನಕ್ಕಿದ್ದೇನೆ.

ಅಪ್ಪ ಈಗಿಲ್ಲ. ಆ ಮಾತು ಕೇಳಿದ್ದ ಮಂಡಿಪೇಟೆಯವರೂ ಇಲ್ಲ. ಮೇಷ್ಟ್ರ ಮನಸ್ಸಿನಲ್ಲಿ ಏನಿತ್ತೆಂದು ನಾನು ಆಣೆ ಮಾಡಿ ಹೇಳಲಾರೆ. ನನ್ನ ಮನಸ್ಸಿನಲ್ಲಿ ಏನಿತ್ತೆಂದು ಹೇಳಬಲ್ಲೆ. ಅದಕ್ಕೆ ಡೈರಿ ಬೇಕಿಲ್ಲ. ಆ ದಿನ ಆ ಪಡಸಾಲೆಯಲ್ಲಿ, ಹಾಡು ಕೆಡಲಿ ಎಂದು ಬಯಸಿ ಬಾಯಿ ತೆರೆದವಳು ನಾನು, ಅಪ್ಪಾ.